8 ಮೈಲಿ ದಾಟಲಾಗದೆ 162 ಮೈಲಿ ಸುತ್ತಿದ ರೈಲು

ಕೊಲೊರಾಡೊ ರಾಜ್ಯದ ನೈಋತ್ಯ ಮೂಲೆಯ ನಕ್ಷೆಯನ್ನು ಬಿಡಿಸಿಟ್ಟು, ಯೂರೇ ಎಂಬ ಊರಿನ ಮೇಲೆ ಒಂದು ಬೆರಳನ್ನೂ ಅದರ ದಕ್ಷಿಣಕ್ಕೆ ಪಾಳುಬಿದ್ದಿರುವ ಐರನ್‌ಟನ್ ಎಂಬ ಗಣಿಯೂರಿನ ಮೇಲೆ ಇನ್ನೊಂದನ್ನೂ ಇಟ್ಟರೆ ನಡುವಿನ ಅಂತರ ಸುಮಾರು 8 ಮೈಲಿ. 1889ರ ಹೊತ್ತಿಗೆ ಈ ಎರಡೂ ಕಡೆಗಳಿಗೆ ರೈಲು ಬಂದು ನಿಂತಿತ್ತು. ಉತ್ತರದ ಕಡೆಯಿಂದ ಡೆನ್ವರ್ ಅಂಡ್ ರಿಯೊ ಗ್ರಾಂಡ್ ಕಂಪನಿಯ ಹಳಿ 1887ರ ಕೊನೆಗೆ ಯೂರೇಯನ್ನು ಮುಟ್ಟಿತ್ತು. ದಕ್ಷಿಣದ ಸಿಲ್ವರ್‌ಟನ್‌ನಿಂದ ಹೊರಟ ಇನ್ನೊಂದು ಪುಟ್ಟ ರೈಲು, 11,000 ಅಡಿ ಎತ್ತರದ ರೆಡ್ ಮೌಂಟನ್ ಘಟ್ಟವನ್ನು ಹತ್ತಿ ಇಳಿದು ಐರನ್‌ಟನ್‌ಗೆ ಬಂದಿತ್ತು. ನಡುವೆ ಉಳಿದದ್ದು ಅನ್‌ಕಂಪಾಗ್ರೆ ನದಿ ಕೊರೆದ ಕಂದರ. ಅಷ್ಟು ಕಡಿಮೆ ದೂರದಲ್ಲಿ ಸುಮಾರು 2,000 ಅಡಿ ಏರಬೇಕು, ಎರಡೂ ಬದಿಗೆ ನೆಟ್ಟಗೆ ನಿಂತ ಬಂಡೆ, ಬಂಡೆಯ ಮೇಲಿಂದ ಚಳಿಗಾಲವಿಡೀ ಜಾರುವ ಹಿಮ. ಕುದುರೆಗಾಡಿ ಹೋಗುವಷ್ಟು ಅಂಚನ್ನು ಸಿಡಿಮದ್ದಿಟ್ಟು ಕೊರೆದಿದ್ದರು, ಆದರೆ ರೈಲಿಗೆ ಅದು ಸಾಲುತ್ತಿರಲಿಲ್ಲ.

ಕಂದರದ ಅಂಚಿನ ಆ ಗಾಡಿರಸ್ತೆಯನ್ನು ಮಾಡಿಸಿದವನೂ ಐರನ್‌ಟನ್‌ಗೆ ರೈಲು ತಂದವನೂ ಒಬ್ಬನೇ: ಆಟೊ ಮಿಯರ್ಸ್. ಆತ ಆ 8 ಮೈಲಿಯ ಆಸೆಯನ್ನು ಬಿಟ್ಟು ಇಡೀ ಪರ್ವತಶ್ರೇಣಿಯನ್ನು ಪಶ್ಚಿಮಕ್ಕೆ ಬಳಸಿ, ಯೂರೇಯ ಉತ್ತರಕ್ಕಿರುವ ರಿಜ್‌ವೇಯಿಂದ ದಕ್ಷಿಣದ ಡುರಾಂಗೊವರೆಗೆ 162 ಮೈಲಿ ಉದ್ದದ ಹೊಸದೊಂದು ರೈಲುದಾರಿಯನ್ನು ಹಾಕಲು ಹೊರಟನು. ಅದೇ ರಿಯೊ ಗ್ರಾಂಡ್ ಸದರ್ನ್. 1889ರಲ್ಲಿ ನೋಂದಣಿಯಾಗಿ, 1891ರ ಡಿಸೆಂಬರ್‌ನಲ್ಲಿ ಪೂರ್ಣಗೊಂಡು, 1893ರ ಆಗಸ್ಟ್‌ನಲ್ಲಿ ದಿವಾಳಿಯಾದ ಈ ರೈಲು, ಆಮೇಲೆ ಸುಮಾರು 58 ವರ್ಷ ಓಡಿತು ಎಂಬುದೇ ನನ್ನನ್ನು ಇದರ ಬೆನ್ನು ಹತ್ತುವಂತೆ ಮಾಡಿದ ಸಂಗತಿ. ಹುಟ್ಟಿ ಬೆಳೆದು ಮೆರೆದು ಅಳಿದ ರೈಲುಗಳ ಕಥೆಗಳು ಬೇಕಾದಷ್ಟಿವೆ. ಇದಕ್ಕಾದರೋ ಮೆರೆಯಲು ಸಿಕ್ಕದ್ದು 20 ತಿಂಗಳು ಮಾತ್ರ. ಉಳಿದದ್ದೆಲ್ಲ ಸಾಯದೆ ಉಳಿಯುವ ಹೆಣಗಾಟ.

ಮಿಯರ್ಸ್ ಹುಟ್ಟಿದ್ದು 1840ರಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಈಗ ಲಾಟ್ವಿಯಾದಲ್ಲಿರುವ ಕುರ್ಲಂಡ್ ಪ್ರಾಂತ್ಯದ ಯಹೂದಿ ಕುಟುಂಬವೊಂದರಲ್ಲಿ. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಇನ್ನೂ ಹುಡುಗನಾಗಿದ್ದಾಗಲೇ ಕ್ಯಾಲಿಫೋರ್ನಿಯಾ ಸೇರಿದನು. ಅಂತರ್ಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದು, ಬಳಿಕ ಕೊಲೊರಾಡೊದ ಸಾನ್ ಲೂಯಿಸ್ ಕಣಿವೆಯಲ್ಲಿ ಅಂಗಡಿ, ಗೋಧಿ ಬೇಸಾಯ, ಹಿಟ್ಟಿನ ಗಿರಣಿ ಎಂದೆಲ್ಲ ಕೈಹಾಕಿದನು. ರಸ್ತೆಯ ಕಸುಬಿಗೆ ಆತ ಬಿದ್ದ ಬಗೆಯನ್ನು ಹೇಳುವ ಕಥೆಯೊಂದಿದೆ. ಗೋಧಿಯ ಗಾಡಿ ಪೊಂಚಾ ಘಟ್ಟದಲ್ಲಿ ಮಗುಚಿಬಿದ್ದು ಕಾಳನ್ನು ಬಾಚಿಕೊಳ್ಳುತ್ತಿದ್ದಾಗ ಕುದುರೆಯ ಮೇಲೆ ಬಂದ ಮಾಜಿ ಗವರ್ನರ್ ವಿಲಿಯಂ ಗಿಲ್ಪಿನ್, ಇಲ್ಲೊಂದು ಸುಂಕದ ರಸ್ತೆ ಮಾಡು, ಮಾಡುವಾಗ ಮುಂದೆ ರೈಲಿಗೂ ಒದಗುವಂತೆ ಏರನ್ನು ಸೌಮ್ಯವಾಗಿಡು ಎಂದು ಸಲಹೆ ಕೊಟ್ಟನಂತೆ. ಕಥೆಗೆ ಎಷ್ಟು ಬಣ್ಣ ಹತ್ತಿದೆಯೋ ಏನೋ, ಮಿಯರ್ಸ್ ಮಾತ್ರ ಆ ಸಲಹೆಯನ್ನು ಅಕ್ಷರಶಃ ಪಾಲಿಸಿದನು. ಪೊಂಚಾ ಘಟ್ಟದ ಆ ರಸ್ತೆ ಮುಂದೆ ಡೆನ್ವರ್ ಕಂಪನಿಯ ರೈಲಿಗೇ ಮಾರಾಟವಾಯಿತು. ಸಾನ್ ವಾನ್ ಪರ್ವತಗಳಲ್ಲಿ ಒಟ್ಟು ಸುಮಾರು 450 ಮೈಲಿ ಸುಂಕದ ರಸ್ತೆಗಳನ್ನು ಆತ ಮಾಡಿಸಿದನು. ಯೂರೇಯ ಮೇಲ್ಗಡೆಯ ರಸ್ತೆಯಲ್ಲಿ ಸುಂಕದ ಗೇಟನ್ನು ಬೇರ್ ಕ್ರೀಕ್ ಜಲಪಾತದ ನೆತ್ತಿಯ ಮೇಲೆ, ಒಂದು ಬದಿಗೆ ಬಂಡೆ ಮತ್ತೊಂದು ಬದಿಗೆ ಪ್ರಪಾತ ಇರುವ ಜಾಗದಲ್ಲಿ ಹಾಕಿಸಿದ್ದನೆಂದರೆ ಆತನ ವ್ಯವಹಾರಬುದ್ಧಿ ಎಂಥದ್ದೆಂದು ಊಹಿಸಬಹುದು: ಅದನ್ನು ಬಳಸಿ ಹೋಗಲು ಹಕ್ಕಿಗೆ ಮಾತ್ರ ಸಾಧ್ಯ.

ಈ ನೆಲ ಯಾರದಾಗಿತ್ತು ಎಂಬುದನ್ನು ಹೇಳದೆ ರೈಲಿನ ಮಾತಿಗೆ ಹೋಗುವುದು ಸರಿಯಲ್ಲ. ಸಾನ್ ವಾನ್ ಪರ್ವತಗಳು ಅಮೆರಿಕದ ಮೂಲನಿವಾಸಿಗಳಾದ ಯೂಟ್ ಜನರ ನೆಲ. 1873ರ ಒಪ್ಪಂದದಲ್ಲಿ ಬೆಟ್ಟದ ಗಣಿಪ್ರದೇಶ ಅವರ ಕೈತಪ್ಪಿತು. 1880ರ ಇನ್ನೊಂದು ಒಪ್ಪಂದದ ಬೆನ್ನಿಗೆ 1881ರಲ್ಲಿ ಅನ್‌ಕಂಪಾಗ್ರೆ ಕಣಿವೆಯ ಯೂಟರನ್ನು ಯೂಟಾಕ್ಕೆ ಸಾಗಿಸಲಾಯಿತು. ಯೂಟ್ ಭಾಷೆ ಬಲ್ಲವನಾಗಿದ್ದ, ಅವರ ನಾಯಕ ಯೂರೇಯ ಪರಿಚಯವೂ ಇದ್ದ ಮಿಯರ್ಸ್ ಈ ಎರಡೂ ವ್ಯವಹಾರಗಳ ನಡುವೆ ಇದ್ದವನು. ಎರಡನೆಯ ಒಪ್ಪಂದಕ್ಕೆ ಸಹಿ ಹಾಕಿಸಲು ಸಹಿಗೆ 2 ಡಾಲರ್‌ನಂತೆ ತನ್ನ ಜೇಬಿನಿಂದ ಕೊಟ್ಟದ್ದಕ್ಕಾಗಿ ಆತನ ಮೇಲೆ ಲಂಚದ ಆರೋಪ ಬಂತು. ಶಿಕ್ಷೆ ಒತ್ತಟ್ಟಿಗಿರಲಿ, ಕೊನೆಗೆ ಸರ್ಕಾರವೇ ಆ ಹಣವನ್ನು ಆತನಿಗೆ ತುಂಬಿಕೊಟ್ಟಿತು. ಮಿಯರ್ಸ್‌ನನ್ನು ದಾರಿ ತೋರಿದ ಮಹಾನುಭಾವನೆಂದು ಕೊಂಡಾಡುವ ಬರಹಗಳು ಈ ಪ್ರಸಂಗವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಒಂದು ಊರಿಗೆ ಯೂರೇ ಎಂದು ಹೆಸರಿಟ್ಟು, ಆ ನಾಯಕನ ಜನರನ್ನೇ ಹೊರಗಟ್ಟಿದ ಮೇಲೆ ಬಂದ ರೈಲು ಇದು.

ರೈಲಿನ ಲೆಕ್ಕಾಚಾರ ಮಾತ್ರ ನಿಚ್ಚಳವಾಗಿತ್ತು. ಟೆಲ್ಯುರೈಡ್ ಮತ್ತು ರಿಕೊ ಎಂಬ ಎರಡು ಗಣಿಯೂರುಗಳಲ್ಲಿ ಬೆಳ್ಳಿಯ ಅದಿರು ಧಾರಾಳವಾಗಿತ್ತು, ಆದರೆ ಅದನ್ನು ಕತ್ತೆ ಮತ್ತು ಹೇಸರಗತ್ತೆಗಳ ಬೆನ್ನ ಮೇಲೆ ಘಟ್ಟ ಇಳಿಸಬೇಕಾಗಿತ್ತು. ಹೊರೆಯ ಬಾಡಿಗೆ ಅಷ್ಟು ದುಬಾರಿಯಾದಾಗ ಅತ್ಯುತ್ತಮ ಅದಿರನ್ನು ಮಾತ್ರ ಸಾಗಿಸಿದರೆ ಗಿಟ್ಟುತ್ತದೆ. ಉಳಿದದ್ದನ್ನು ಗಣಿಯ ಬಾಯಿಯಲ್ಲೇ ರಾಶಿ ಹಾಕಬೇಕು. ರೈಲು ಬಂದು ಬಾಡಿಗೆ ಇಳಿದೊಡನೆ ಅದೇ ರಾಶಿ ಸರಕಾಗುತ್ತದೆ. ಬೆಟ್ಟದ ಮೇಲಿನ ಗಣಿಗಳಿಗೆ ಉರುವಲಿನ ಖರ್ಚು ಎಷ್ಟು ಭಾರವಾಗಿತ್ತೆಂಬುದಕ್ಕೆ ಇನ್ನೊಂದು ಸಾಕ್ಷಿ ಇದೇ ದಾರಿಯ ಕೆಳಗಡೆ ಏಮ್ಸ್ ಎಂಬಲ್ಲಿದೆ. ಗಣಿಯ ಯಂತ್ರಗಳಿಗೆ ಕಲ್ಲಿದ್ದಲು ಹೊರಿಸುವ ಖರ್ಚನ್ನು ತಾಳಲಾರದೆ ಎಲ್. ಎಲ್. ನನ್ ಎಂಬ ವಕೀಲನು ವೆಸ್ಟಿಂಗ್‌ಹೌಸ್ ಕಂಪನಿಯ ಯಂತ್ರಗಳನ್ನು ತರಿಸಿ, 1891ರಲ್ಲಿ ಅಲ್ಲಿನ ನೀರಿನಿಂದ ಪರ್ಯಾಯ ವಿದ್ಯುತ್ತನ್ನು (ಎಸಿ) ಉತ್ಪಾದಿಸಿ ತಂತಿಯ ಮೂಲಕ ಗೋಲ್ಡ್ ಕಿಂಗ್ ಗಣಿಗೆ ಕಳುಹಿಸಿದನು. ಕೈಗಾರಿಕೆಗೆ ಪರ್ಯಾಯ ವಿದ್ಯುತ್ತನ್ನು ದೂರಕ್ಕೆ ಸಾಗಿಸಿ ಕೊಟ್ಟ ಜಗತ್ತಿನ ಮೊದಲ ಪ್ರಯೋಗಗಳಲ್ಲಿ ಅದೂ ಒಂದು. ಹಳಿ ಮತ್ತು ವಿದ್ಯುತ್ತು ಎರಡೂ ಆ ಕೊರಕಲಿಗೆ ಸರಿಸುಮಾರು ಒಟ್ಟಿಗೇ ಬಂದವು.

ಹಳಿ ಹಾಕುವ ಕೆಲಸ 1890ರಲ್ಲಿ ಎರಡೂ ತುದಿಗಳಿಂದ ಆರಂಭವಾಯಿತು. ಹಳಿಗಳ ನಡುವಿನ ಅಂತರ 3 ಅಡಿ. ನಾಲ್ಕೂ ಚಿಲ್ಲರೆ ಅಡಿಯ ದೊಡ್ಡ ಗೇಜಿಗಿಂತ ಇದು ಅಗ್ಗ, ಬಿಗಿಯಾದ ತಿರುವುಗಳಿಗೆ ಒಗ್ಗುತ್ತದೆ, ಬಂಡೆ ಕಡಿಯುವ ಕೆಲಸವೂ ಕಡಿಮೆ. ಇದಕ್ಕೆ ತೆರಬೇಕಾದ ಬೆಲೆ ಗೇಜು ಬದಲಾಗುವ ಮಾಂಟ್ರೋಸ್, ಅಲಮೋಸಾದಂಥ ಊರುಗಳಲ್ಲಿ ಕಾದಿರುತ್ತಿತ್ತು. ಅಲ್ಲಿ ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಎಲ್ಲ ಸರಕನ್ನೂ ಇಳಿಸಿ ಏರಿಸಬೇಕಾಗಿತ್ತು. ಮುಂದೆ ಲಾರಿಗಳು ಬಂದಾಗ ಸಣ್ಣ ಗೇಜಿನ ರೈಲುಗಳು ಸೋತದ್ದಕ್ಕೆ ಈ ಇಳಿಸಿ ಏರಿಸುವ ಕೂಲಿಯೂ ಒಂದು ಕಾರಣ.

ರಿಜ್‌ವೇಯಿಂದ ಹೊರಟ ದಾರಿ ಸುಮಾರು 9,000 ಅಡಿಯ ಡಲ್ಲಾಸ್ ಡಿವೈಡ್ ಹತ್ತಿ, ಪ್ಲೇಸರ್‌ವಿಲ್‌ಗೆ ಇಳಿದು, ಸಾನ್ ಮಿಗೆಲ್ ನದಿಯ ದಡ ಹಿಡಿದು ಮತ್ತೆ ಏರಲು ಆರಂಭಿಸುತ್ತದೆ. ವ್ಯಾನ್ಸ್ ಜಂಕ್ಷನ್ನಿನಲ್ಲಿ ಒಂದು ಕವಲು ಟೆಲ್ಯುರೈಡ್‌ಗೆ ಹೊರಳುತ್ತದೆ. ಆ ಊರಿಗೆ ರೈಲು ಬಂದದ್ದು 1890ರ ನವೆಂಬರಿನಲ್ಲಿ. ಮುಖ್ಯ ದಾರಿಗೆ ಮಾತ್ರ ಅಲ್ಲಿಂದ ಮುಂದೆ ಕಷ್ಟಕಾಲ. ಓಫಿರ್ ಹತ್ತಿರ ಕಣಿವೆ ಇದ್ದಕ್ಕಿದ್ದಂತೆ ಮೇಲೇಳುತ್ತದೆ, ರೈಲಿಗೆ ಅಷ್ಟು ಬೇಗ ಏರಲಾಗದು. ಅದಕ್ಕಾಗಿ ಹಳಿಯನ್ನು ಕಣಿವೆಯ ಒಂದು ಬದಿಯಲ್ಲಿ ಒಳಕ್ಕೆ ಒಯ್ದು, ಮರದ ಕಂಬಗಳ ಎತ್ತರದ ಸೇತುವೆಗಳ ಮೇಲೆ ಹೊರಳಿಸಿ, ಎದುರು ಬದಿಯ ಬೆಟ್ಟದ ಮೈಯಲ್ಲಿ ಹಿಂದಕ್ಕೆ ತಂದು, ಬಂದ ದಾರಿಯನ್ನೇ ತಲೆಯ ಮೇಲಿಂದ ನೋಡುವಂತೆ ಮಾಡಿದರು. ಓಫಿರ್ ಲೂಪ್ ಎಂದು ಹೆಸರಾದ ಆ ತಿರುವನ್ನು ಹಳೆಯ ಛಾಯಾಚಿತ್ರಗಳಲ್ಲಿ ನೋಡಿದರೆ, ಬೆಂಕಿಕಡ್ಡಿ ಜೋಡಿಸಿದಂತಿರುವ ಮರದ ಚೌಕಟ್ಟಿನ ಮೇಲೆ ಎಂಜಿನ್ನೊಂದು ಹೊಗೆ ಕಕ್ಕುತ್ತ ನಿಂತಿರುತ್ತದೆ. ಅಲ್ಲಿಂದ ಟ್ರೌಟ್ ಕೆರೆಯನ್ನು ಬಳಸಿ 10,200 ಅಡಿಗೂ ಎತ್ತರದ ಲಿಜರ್ಡ್ ಹೆಡ್ ಘಟ್ಟ. ಅದರಾಚೆ ರಿಕೊ, ಡೊಲೋರೆಸ್, ಮ್ಯಾಂಕೋಸ್, ಹೆಸ್ಪರಸ್, ಕೊನೆಗೆ ಡುರಾಂಗೊ. ರಿಕೊ ಊರಿನ ದಕ್ಷಿಣಕ್ಕೆ ಎರಡೂ ತುದಿಯ ಹಳಿಗಳು ಕೂಡಿದವು. ರೈಲಿಗಾಗಿ ಊರುಗಳೇ ಜಾಗ ಬದಲಿಸಿದವು: ಬಿಗ್ ಬೆಂಡ್ ಎಂಬ ಊರಿನವರು ಹಳಿ ಬರುವ ಕಡೆಗೆ ಎದ್ದುಬಂದು ನೆಲೆಸಿದ್ದರಿಂದ ಹುಟ್ಟಿದ ಊರೇ ಡೊಲೋರೆಸ್.

ಆ ಉತ್ಸಾಹದ ದಿನಗಳಲ್ಲಿ ಮಿಯರ್ಸ್ ತನ್ನ ರೈಲುಗಳ ಉಚಿತ ಪಾಸುಗಳನ್ನು ಬೇಕಾದವರಿಗೆ ಬೆಳ್ಳಿಯಲ್ಲೇ ಮಾಡಿಸಿ ಹಂಚುತ್ತಿದ್ದನು. ಮೊದಲು ಬೆಳ್ಳಿಯ ತಗಡು, 1892ಕ್ಕೆ ನವಿರಾದ ಬೆಳ್ಳಿತಂತಿಯ ಕುಸುರಿ ಕೆಲಸ. ಇಂದು ಸಂಗ್ರಾಹಕರು ಹಂಬಲಿಸುವ ವಸ್ತುಗಳು ಅವು. ಬೆಳ್ಳಿಯ ಮೇಲೆಯೇ ನಿಂತ ರೈಲಿಗೆ ಬೆಳ್ಳಿಯ ಪಾಸು ತಕ್ಕುದೇ ಆಗಿತ್ತು, ಆದರೆ ಆ ಬೆಳ್ಳಿಯ ಬೆಲೆಯನ್ನು ನಿಲ್ಲಿಸಿದ್ದ ಊರುಗೋಲು ಕೊಲೊರಾಡೊದಲ್ಲಿರಲಿಲ್ಲ. 1890ರ ಶೆರ್ಮನ್ ಕಾಯಿದೆಯ ಪ್ರಕಾರ ಅಮೆರಿಕದ ಖಜಾನೆ ತಿಂಗಳಿಗೆ 45 ಲಕ್ಷ ಔನ್ಸ್ ಬೆಳ್ಳಿಯನ್ನು ಕೊಳ್ಳಲೇಬೇಕಿತ್ತು. ಇನ್ನೊಂದು ದೊಡ್ಡ ಗಿರಾಕಿ ಭಾರತ. ಬೆಳ್ಳಿ ಕೊಟ್ಟರೆ ರೂಪಾಯಿ ಒತ್ತಿಕೊಡುವ ಟಂಕಸಾಲೆಗಳು ಇಲ್ಲಿ ಎಲ್ಲರಿಗೂ ತೆರೆದಿದ್ದವು. 1893ರ ಜೂನ್ 26ರಂದು ಬ್ರಿಟಿಷ್ ಭಾರತ ಸರ್ಕಾರವು ಆ ಬಾಗಿಲನ್ನು ಮುಚ್ಚಿತು. ಕೆಲವೇ ದಿನಗಳಲ್ಲಿ, ಔನ್ಸಿಗೆ 80 ಸೆಂಟ್‌ಗಿಂತ ಮೇಲಿದ್ದ ಬೆಳ್ಳಿ 60ರ ಆಸುಪಾಸಿಗೆ ಕುಸಿಯಿತು. ಕೊಲೊರಾಡೊದ ಗಣಿಗಳು ಸಾಲುಸಾಲಾಗಿ ಬಾಗಿಲು ಹಾಕಿದವು, ಬ್ಯಾಂಕುಗಳು ಮುಳುಗಿದವು, ನವೆಂಬರ್ 1ರಂದು ಶೆರ್ಮನ್ ಕಾಯಿದೆಯ ಖರೀದಿಯೂ ರದ್ದಾಯಿತು. ಅಷ್ಟರೊಳಗೆ ರಿಯೊ ಗ್ರಾಂಡ್ ಸದರ್ನ್, ದಿವಾಳಿಯಾದ ಕಂಪನಿಯನ್ನು ನಡೆಸಲು ನ್ಯಾಯಾಲಯ ನೇಮಿಸುವ ರಿಸೀವರನ ಕೈಸೇರಿತ್ತು. ಆ ರಿಸೀವರ್ ಬೇರೆ ಯಾರೂ ಅಲ್ಲ, ಡೆನ್ವರ್ ಕಂಪನಿಯ ಅಧ್ಯಕ್ಷನೇ ಆಗಿದ್ದ ಎಡ್ವರ್ಡ್ ಜೆಫ್ರಿ. ಮಿಯರ್ಸ್ ಕಟ್ಟಿದ ರೈಲು ಹೀಗೆ ನೆರೆಯ ದೊಡ್ಡ ರೈಲಿನ ಮಡಿಲಿಗೆ ಬಿತ್ತು. ಆತ ಪೂರ್ವ ರಾಜ್ಯಗಳಿಗೆ ಹೋಗಿ ಮೇರಿಲ್ಯಾಂಡಿನಲ್ಲಿ ಇನ್ನೊಂದು ರೈಲು ಕಟ್ಟುವ ಕೆಲಸಕ್ಕೆ ನಿಂತನು. ಮೋಟಾರು ಲಾರಿಗಳಿಗೆ ಹೆಸರಾಗಲಿದ್ದ ಮ್ಯಾಕ್ ಸೋದರರ ಕಂಪನಿಯ ಆರಂಭದ ದಿನಗಳಲ್ಲೂ ಆತನ ಪಾತ್ರವಿತ್ತು. ಲಾರಿಯ ಮಾತು ಮುಂದೆ ಬರುತ್ತದೆ, ಈ ಸಂಗತಿ ನೆನಪಿರಲಿ.

ದಿವಾಳಿಯಾದ ರೈಲೊಂದು ಅರ್ಧ ಶತಮಾನ ಬದುಕಿದ್ದು ಹೇಗೆ? ಮೊದಲನೆಯದಾಗಿ, ಟೆಲ್ಯುರೈಡ್‌ನ ಗಣಿಗಳಲ್ಲಿ ಬೆಳ್ಳಿಯ ಜೊತೆಗೆ ಚಿನ್ನವೂ ಸೀಸ ಸತುಗಳೂ ಇದ್ದುದರಿಂದ ಆ ಕವಲು ಪೂರ್ತಿ ಬತ್ತಲಿಲ್ಲ. ಹೆಸ್ಪರಸ್ ಸುತ್ತಲಿನ ಕಲ್ಲಿದ್ದಲು, ಡೊಲೋರೆಸ್ ಸುತ್ತಲಿನ ಪಾಂಡರೋಸ ಪೈನ್ ಮರ, ಬೇಸಿಗೆಯಲ್ಲಿ ಎತ್ತರದ ಹುಲ್ಲುಗಾವಲಿಗೆ ಏರಿ ಶರತ್ಕಾಲಕ್ಕೆ ಇಳಿಯುವ ಕುರಿ ಮತ್ತು ದನಗಳ ಹಿಂಡು, ಇವೆಲ್ಲ ಸೇರಿ ಹೇಗೋ ಹೊಟ್ಟೆ ಹೊರೆದವು. ಮರದ ಗಿರಣಿಗಾಗಿಯೇ ಎದ್ದ ಮೆಕ್‌ಫೀ ಎಂಬ ಊರು ಇಂದು ಅದೇ ಹೆಸರಿನ ಜಲಾಶಯದ ನೀರಿನಡಿ ಇದೆ. ಎಂಜಿನ್ನುಗಳಲ್ಲಿ ಬಹುಪಾಲು ಬೇರೆಯವರು ಬಳಸಿ ಬಿಟ್ಟವು. ಒಂದು ರೈಲು ಮುಚ್ಚಿದಾಗಲೆಲ್ಲ ಅದರ ಎಂಜಿನ್ನು ಇಲ್ಲಿಗೆ ಬರುತ್ತಿತ್ತು. ಚಳಿಗಾಲದಲ್ಲಿ ಲಿಜರ್ಡ್ ಹೆಡ್ ಮೇಲೆ ಹಿಮ ತುಂಬಿ ದಾರಿ ಮುಚ್ಚಿಹೋಗುವುದು, ವಸಂತದಲ್ಲಿ ಗುಡ್ಡ ಜಾರುವುದು, ಮಳೆಗಾಲದಲ್ಲಿ ಸೇತುವೆ ಕೊಚ್ಚಿಹೋಗುವುದು ವರ್ಷವರ್ಷದ ಮಾತು. 1909ರ ಸೆಪ್ಟೆಂಬರಿನಲ್ಲಿ ಟ್ರೌಟ್ ಕೆರೆಯ ಕಟ್ಟೆಯೊಡೆದು ಸಾನ್ ಮಿಗೆಲ್ ಕಣಿವೆಯಲ್ಲಿ ಮೈಲಿಗಟ್ಟಲೆ ಹಳಿಯನ್ನೇ ಅಳಿಸಿಹಾಕಿತು.

ಈ ರೈಲು ಸಾಗಿಸಿದ್ದೆಲ್ಲ ಸರಕೇ ಆಗಿರಲಿಲ್ಲ. ಟೆಲ್ಯುರೈಡ್‌ನಲ್ಲಿ ಎಂಟು ಗಂಟೆಯ ದುಡಿಮೆಗಾಗಿ ನಡೆದ ಮುಷ್ಕರವನ್ನು ಮುರಿಯಲು, 1904ರ ಮಾರ್ಚ್ ತಿಂಗಳಿನ ಒಂದು ರಾತ್ರಿ ಗಣಿಮಾಲೀಕರ ಕಡೆಯ ಶಸ್ತ್ರಧಾರಿ ನಾಗರಿಕರು ಕಾರ್ಮಿಕ ಸಂಘದವರನ್ನೂ ಅವರ ಬೆಂಬಲಿಗರನ್ನೂ ಮನೆಮನೆಯಿಂದ ಎಳೆತಂದು, ರೈಲು ಹತ್ತಿಸಿ, ಊರಿನಿಂದ ಗಡೀಪಾರು ಮಾಡಿದರು. ಕಣಿವೆಗೆ ಇದ್ದ ಒಂದೇ ಬಾಗಿಲು ಯಾರ ಕೈಯಲ್ಲಿತ್ತೋ ಊರೂ ಅವರ ಕೈಯಲ್ಲಿತ್ತು. ಸಣ್ಣ ರೈಲುಗಳ ಬಗ್ಗೆ ಬರೆಯುವವರು ನನ್ನನ್ನೂ ಸೇರಿಸಿ ಸ್ವಲ್ಪ ಹೆಚ್ಚೇ ಮಮಕಾರದಿಂದ ಬರೆಯುತ್ತೇವೆ; ಆ ರಾತ್ರಿ ರೈಲು ಹತ್ತಿದವರಿಗೆ ಆ ಮಮಕಾರ ಇದ್ದಿರಲಾರದು.

1929ರಲ್ಲಿ ಏಮ್ಸ್ ಬಳಿ ಗುಡ್ಡ ಕುಸಿದು ದಾರಿ ಮುಚ್ಚಿತು. ಅಷ್ಟು ಹೊತ್ತಿಗೆ ಡೆನ್ವರ್ ಕಂಪನಿಗೂ ಈ ಹೊರೆ ಸಾಕಾಗಿತ್ತು. ಆ ವರ್ಷದ ಡಿಸೆಂಬರಿನಲ್ಲಿ ರೈಲು ಎರಡನೆಯ ಬಾರಿ ರಿಸೀವರನ ಕೈಗೆ ಬಂತು, ಈ ಸಲ ವಿಕ್ಟರ್ ಮಿಲ್ಲರ್ ಎಂಬವನು. ಆತನ ಮುಂದಿದ್ದ ಲೆಕ್ಕ ಹೀಗಿತ್ತು: ಪ್ರಯಾಣಿಕರು ಕೈಬೆರಳಿನಲ್ಲಿ ಎಣಿಸುವಷ್ಟು, ಆದರೆ ಅಂಚೆ ಇಲಾಖೆಯ ಗುತ್ತಿಗೆ ಇದೆ, ಅದನ್ನು ಉಳಿಸಿಕೊಳ್ಳಬೇಕೆಂದರೆ ಟಪಾಲು ದಿನವೂ ಹೋಗಲೇಬೇಕು. ಹೋಗಬೇಕಾದರೆ ಒಂದು ಉಗಿ ಎಂಜಿನ್, ಅದಕ್ಕೆ ಡ್ರೈವರ್, ಫೈರ್‌ಮನ್, ಗಾರ್ಡ್, ಬ್ರೇಕ್‌ಮನ್, ಕಲ್ಲಿದ್ದಲು, ನೀರು. ನಾಲ್ಕು ಚೀಲ ಟಪಾಲಿಗಾಗಿ ಇಷ್ಟೆಲ್ಲ ಹೊರಟರೆ ಗುತ್ತಿಗೆಯ ದುಡ್ಡು ಕಲ್ಲಿದ್ದಲಿಗೇ ಸಾಲದು.

ಮಿಲ್ಲರನ ಕಾಲದಲ್ಲಿ ರಿಜ್‌ವೇಯ ವರ್ಕ್‌ಶಾಪಿನವರು ಇದಕ್ಕೆ ಕಂಡುಕೊಂಡ ಉತ್ತರವೇ ಈ ರೈಲಿನ ಹೆಸರನ್ನು ಇಂದಿಗೂ ಉಳಿಸಿರುವುದು. ಜ್ಯಾಕ್ ಒಡೆನ್‌ಬಾ ಎಂಬ ಮೆಕ್ಯಾನಿಕ್ 1931ರಲ್ಲಿ ಒಂದು ಹಳೆಯ ಬ್ಯೂಕ್ ಕಾರನ್ನು ತೆಗೆದುಕೊಂಡು, ಅದರ ಟೈರುಗಳ ಜಾಗದಲ್ಲಿ ರೈಲಿನ ಉಕ್ಕಿನ ಚಕ್ರಗಳನ್ನು ಕೂರಿಸಿ, ಹಿಂದೆ ಸರಕಿನ ತೆರೆದ ಪೆಟ್ಟಿಗೆಯೊಂದನ್ನು ಜೋಡಿಸಿ ಹಳಿಗೆ ಇಳಿಸಿದನು. ಓಡಿಸಲು ಒಬ್ಬನೇ ಸಾಕು, ಪೆಟ್ರೋಲು ಸಾಕು. ಹಾಕಿದ ಬಂಡವಾಳ ಕೆಲವೇ ವಾರಗಳಲ್ಲಿ ಕೈಗೆ ಬಂತೆನ್ನುತ್ತಾರೆ. 1936ರ ವೇಳೆಗೆ ಇಂಥ ಏಳು ಬಂಡಿಗಳಾದವು. ಮೂರು, ನಾಲ್ಕು, ಐದನೆಯವಕ್ಕೆ ಒಂದು ಕಾಲದಲ್ಲಿ ಸಿರಿವಂತರ ಸವಾರಿಯಾಗಿದ್ದ ಪಿಯರ್ಸ್ ಆರೋ ಕಾರಿನ ಮೈಯನ್ನೇ ಮುಂದೆ ಕೂರಿಸಿದ್ದರು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಇಂಥ ದುಬಾರಿ ಕಾರುಗಳನ್ನು ಹೊಸದಾಗಿ ಕೊಳ್ಳುವವರಿಲ್ಲದೆ ಹಳೆಯವು ಅಗ್ಗಕ್ಕೆ ಸಿಗುತ್ತಿದ್ದವು. ಹಿಂದಿನ ಪೆಟ್ಟಿಗೆಯಲ್ಲಿ ಟಪಾಲು, ದಿನಸಿ, ಗಣಿಗೆ ಬೇಕಾದ ಬಿಡಿಭಾಗ; ಮುಂದೆ ಡ್ರೈವರನ ಹಿಂದೆ ಇಬ್ಬರೋ ಮೂವರೋ ಪ್ರಯಾಣಿಕರು. ಅದೇ 1931ರ ಜೂನಿನಲ್ಲಿ ಆಟೊ ಮಿಯರ್ಸ್ ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ತೀರಿಕೊಂಡನು. ತನ್ನ ರೈಲಿನ ಮೇಲೆ ಮೋಟಾರುಕಾರು ಓಡುವುದನ್ನು ಆತ ನೋಡಲಿಲ್ಲ.

ಕಂಪನಿಯ ಕಡತಗಳಲ್ಲಿ ಇವಕ್ಕೆ ಸುಮ್ಮನೆ ಮೋಟಾರ್ ಎಂದು ಹೆಸರು. ಜನ ಇಟ್ಟ ಹೆಸರು ಗ್ಯಾಲಪಿಂಗ್ ಗೂಸ್, ಅಂದರೆ ನಾಗಾಲೋಟದ ಹೆಬ್ಬಾತು. ಸವೆದ ಹಳಿಯ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೊನೆಯುತ್ತ ಹೋಗುವ ನಡಿಗೆ, ಬಾತಿನ ಕೂಗಿನಂಥ ಹಾರ್ನು, ಏರಿನಲ್ಲಿ ಕಾದ ಎಂಜಿನ್ನಿಗೆ ಗಾಳಿಯಾಡಲೆಂದು ಎರಡೂ ಬದಿಗೆ ರೆಕ್ಕೆಯಂತೆ ತೆರೆದಿಟ್ಟ ಬಾನೆಟ್ಟು, ಇವುಗಳಲ್ಲಿ ಯಾವುದರಿಂದ ಹೆಸರು ಬಂತೆಂದು ವಾದ ಮಾಡುವವರು ಇನ್ನೂ ಇದ್ದಾರೆ. ನನಗೆ ಕಾಣುವಂತೆ ಮೂರೂ ಒಟ್ಟಿಗೆ ಕಂಡಾಗ ಬೇರೆ ಹೆಸರು ಹೊಳೆಯುವುದು ಕಷ್ಟ. ಇವುಗಳನ್ನು ಬರಿಯ ತಮಾಷೆಯ ವಸ್ತುವಾಗಿ ನೋಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಹಳೆಯ ಕಾರಿನ ಎಂಜಿನ್ನೊಂದನ್ನು, ಕಡಿದಾದ ಏರಿನಲ್ಲಿ, ಹತ್ತು ಸಾವಿರ ಅಡಿಯ ತೆಳುಗಾಳಿಯಲ್ಲಿ, ಹಿಮದ ನಡುವೆ, ಇಪ್ಪತ್ತು ವರ್ಷ ಕೆಡದಂತೆ ಓಡಿಸಿದ್ದು ಒಂದು ಹಳ್ಳಿಯ ವರ್ಕ್‌ಶಾಪಿನ ಶುದ್ಧ ಎಂಜಿನಿಯರಿಂಗ್. ಭಾರವನ್ನು ಚಕ್ರಗಳನ್ನು ಹೊತ್ತ ಮೂರು ಚೌಕಟ್ಟುಗಳ ಮೇಲೆ ಹಂಚಿ, ಮುಂದಿನ ಮೈ ಮತ್ತು ಹಿಂದಿನ ಪೆಟ್ಟಿಗೆ ತಿರುವಿನಲ್ಲಿ ಬೇರೆಬೇರೆಯಾಗಿ ಹೊರಳುವಂತೆ ಮಾಡಿದ್ದನ್ನು ಹತ್ತಿರದಿಂದ ನೋಡಿದಾಗ ಮಾಡಿದವರ ಕೈಚಳಕ ಅರ್ಥವಾಗುತ್ತದೆ.

ಎರಡನೆಯ ಮಹಾಯುದ್ಧ ಈ ರೈಲಿಗೆ ಅನಿರೀಕ್ಷಿತ ಆಯುಷ್ಯ ಕೊಟ್ಟಿತು. 1942ರಲ್ಲಿ ಸೈನ್ಯವು ಡೆನ್ವರ್ ಕಂಪನಿಯ ಸಣ್ಣ ಗೇಜಿನ ಏಳು ಎಂಜಿನ್ನುಗಳನ್ನು ಅಲಾಸ್ಕಾದ ಕಡೆಯ ವೈಟ್ ಪಾಸ್ ರೈಲಿಗಾಗಿ ಎತ್ತಿಕೊಂಡು ಹೋಯಿತು. ಸದರ್ನ್ ಮಾತ್ರ ಉಳಿಯಿತಷ್ಟೇ ಅಲ್ಲ, ಸರ್ಕಾರದಿಂದ ಸಾಲವೂ ಸಿಕ್ಕಿತು. ಇದರ ಪಶ್ಚಿಮದ ಒಣಬೆಟ್ಟಗಳಲ್ಲಿ ಸಿಗುವ ಕಾರ್ನೊಟೈಟ್ ಎಂಬ ಹಳದಿ ಅದಿರಿನಲ್ಲಿ ಉಕ್ಕನ್ನು ಗಟ್ಟಿಮಾಡುವ ವನೇಡಿಯಂ ಇತ್ತು. ಅದೇ ಅದಿರಿನಲ್ಲಿ ಯುರೇನಿಯಂ ಕೂಡ ಇತ್ತು, ಅದು ಪರಮಾಣು ಬಾಂಬಿನ ಯೋಜನೆಗೆ ಬೇಕಾಗಿತ್ತು. ಬಹಿರಂಗವಾಗಿ ಹೇಳಿದ್ದು ವನೇಡಿಯಂನ ಹೆಸರು ಮಾತ್ರ. ಯುರೇನಿಯಂನ ಗುಟ್ಟು 1945ರ ಆಗಸ್ಟ್‌ನವರೆಗೂ ಹೊರಬೀಳಲಿಲ್ಲ.

ಯುದ್ಧ ಮುಗಿದ ಮೇಲೆ ಉಳಿದದ್ದು ಇಳಿಜಾರೇ. ಹೆಬ್ಬಾತುಗಳಿಗೆ ಸೈನ್ಯ ಮಾರಿದ ಜಿಎಂಸಿ ಲಾರಿಗಳ ಎಂಜಿನ್ನನ್ನೂ ಹಳೆಯ ಬಸ್ಸಿನ ಮೈಯನ್ನೂ ಹಾಕಿದರು. 1950ರಲ್ಲಿ ಅಂಚೆ ಇಲಾಖೆಯು ಟಪಾಲನ್ನು ರಸ್ತೆಯ ಲಾರಿಗೆ ಕೊಟ್ಟಿತು. ಆ ಗುತ್ತಿಗೆಗಾಗಿಯೇ ಹುಟ್ಟಿದ ಬಂಡಿಗಳಿಗೆ ಈಗ ಕೆಲಸವಿರಲಿಲ್ಲ. ಸರಕಿನ ಪೆಟ್ಟಿಗೆಗಳಿಗೆ ಕಿಟಕಿ ಕೊರೆದು, ಸುಮಾರು 20 ಆಸನಗಳನ್ನು ಜೋಡಿಸಿ, ಮೊದಲ ಬಾರಿಗೆ ಗ್ಯಾಲಪಿಂಗ್ ಗೂಸ್ ಎಂಬ ಹೆಸರನ್ನೂ ಓಡುವ ಬಾತಿನ ಚಿತ್ರವನ್ನೂ ಮೈಮೇಲೆ ಬರೆಸಿ, ಪ್ರವಾಸಿಗರನ್ನು ಕರೆದರು. ಜನ ಬಂದರು, ಮೆಚ್ಚಿದರು; 162 ಮೈಲಿ ಹಳಿಯನ್ನೂ ಮರದ ಸೇತುವೆಗಳನ್ನೂ ನೋಡಿಕೊಳ್ಳುವಷ್ಟು ದುಡ್ಡು ಅದರಿಂದ ಹುಟ್ಟಲಿಲ್ಲ. ಅಷ್ಟರಲ್ಲಿ ಅದಿರೂ ಲಾರಿ ಹತ್ತಿತ್ತು. 1951ರ ಕೊನೆಗೆ ಓಡಾಟ ನಿಂತಿತು, 1952ರಲ್ಲಿ ಅಂತರರಾಜ್ಯ ವಾಣಿಜ್ಯ ಆಯೋಗವು ದಾರಿಯನ್ನು ಕೈಬಿಡಲು ಅನುಮತಿ ಕೊಟ್ಟಿತು, ಆ ವರ್ಷವೂ ಮರುವರ್ಷವೂ ಹಳಿ ಕಿತ್ತು ಗುಜರಿಗೆ ಹಾಕಿದರು. ಹಳಿ ಕೀಳುವವರ ಜೊತೆ ಕೆಲಸಕ್ಕೆ ಹೋದದ್ದು ಆರನೆಯ ಹೆಬ್ಬಾತು.

ಈ ರೈಲನ್ನು ಕೊಂದದ್ದು ಬೆಳ್ಳಿ ಎಂದು ಹೇಳುವುದು ರೂಢಿ. ಬೆಳ್ಳಿ ಅದನ್ನು ದಿವಾಳಿ ಮಾಡಿತು ನಿಜ, ಕೊಂದದ್ದು ರಸ್ತೆ ಎಂದು ನನ್ನ ಅಭಿಪ್ರಾಯ. ಮಿಯರ್ಸ್‌ನ ಸುಂಕದ ರಸ್ತೆಗಳಲ್ಲಿ ಹಲವು ಸರ್ಕಾರದ ಕೈಗೆ ಬಂದು, ಅಗಲವಾಗಿ, ಹೆದ್ದಾರಿಗಳಾದವು. ರೈಲಿಗೆ ದಾಟಲಾಗದೆ ಆತ ಬಿಟ್ಟುಕೊಟ್ಟ ಆ 8 ಮೈಲಿಯ ಕಂದರದಲ್ಲಿ ಇಂದು ಮಿಲಿಯನ್ ಡಾಲರ್ ಹೈವೇ ಎಂದು ಹೆಸರಾದ ರಸ್ತೆ ಹೋಗುತ್ತದೆ. ಸುಂಕದ ಗೇಟು ಇದ್ದ ಜಾಗದಲ್ಲಿ ಆತನ ನೆನಪಿನ ಕಲ್ಲೊಂದಿದೆ. ಆತ ಹಾಕಿಸಿದ 162 ಮೈಲಿ ಹಳಿಯ ನೆನಪಿಗೆ ಅಷ್ಟು ಸುಲಭವಾಗಿ ಕಾಣಸಿಗುವ ಕಲ್ಲು ನನಗೆ ಎಲ್ಲೂ ಕಾಣಲಿಲ್ಲ.

ಒಂದು ಬೇಸಿಗೆಯಲ್ಲಿ ನಾನು ರಿಜ್‌ವೇಯಿಂದ ಪ್ಲೇಸರ್‌ವಿಲ್‌ಗೆ 62ನೆಯ ರಸ್ತೆಯಲ್ಲೂ ಅಲ್ಲಿಂದ ಡೊಲೋರೆಸ್‌ವರೆಗೆ 145ನೆಯ ರಸ್ತೆಯಲ್ಲೂ ಹೋಗಿದ್ದೆ. ಬಹುದೂರ ಹಳೆಯ ರೈಲಿನ ಜಾಡು ರಸ್ತೆಯ ಪಕ್ಕದಲ್ಲೇ ಇರುತ್ತದೆ; ನೋಡಲು ಕಲಿತ ಕಣ್ಣಿಗೆ ಬೆಟ್ಟದ ಮೈಯಲ್ಲಿ ಎಳೆದ ಒಂದೇ ಏರಿನ ಗೆರೆಯಾಗಿ ಅದು ಕಾಣುತ್ತದೆ. ಟ್ರೌಟ್ ಕೆರೆಯ ಮೇಲ್ಗಡೆ ಮರದ ಸೇತುವೆಯೊಂದು ಈಗಲೂ ನಿಂತಿದೆ, ಅದರ ಮೇಲೆ ಹಳಿಯಿಲ್ಲ. ಹತ್ತಿರದಲ್ಲಿ ಎಂಜಿನ್ನುಗಳಿಗೆ ನೀರು ಕೊಡುತ್ತಿದ್ದ ಮರದ ತೊಟ್ಟಿಯೂ ಇದೆ. ಸೇತುವೆಯ ಕಂಬಗಳು ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿ ಸೀಳುಬಿಟ್ಟಿದ್ದವು. ಕೈಯಿಟ್ಟು ನೋಡಿದಾಗ ಮರ ನಾನು ಎಣಿಸಿದ್ದಕ್ಕಿಂತ ಗಟ್ಟಿಯಾಗಿತ್ತು.

ಹೆಬ್ಬಾತುಗಳಲ್ಲಿ ಮೊದಲನೆಯದನ್ನು 1930ರ ದಶಕದಲ್ಲೇ ಬಿಚ್ಚಿ ಭಾಗಗಳನ್ನು ಬಳಸಿಕೊಂಡುಬಿಟ್ಟಿದ್ದರು. ಅದರ ಪ್ರತಿಕೃತಿಯನ್ನು ರಿಜ್‌ವೇಯ ವಸ್ತುಸಂಗ್ರಹಾಲಯದವರು ಮಾಡಿಟ್ಟಿದ್ದಾರೆ. ಉಳಿದ ಆರೂ ಬದುಕಿವೆ. ಐದನೆಯದು ಡೊಲೋರೆಸ್ ಊರಿನದು, ಆಗಾಗ ಪಕ್ಕದ ಪ್ರವಾಸಿ ರೈಲುಗಳ ಹಳಿಯ ಮೇಲೆ ನೂರಾರು ಮೈಲಿ ಓಡಿಬರುತ್ತದೆ. ಎರಡು, ಆರು ಮತ್ತು ಏಳನೆಯವು ಡೆನ್ವರ್ ಹತ್ತಿರದ ಗೋಲ್ಡನ್ ಊರಿನ ಕೊಲೊರಾಡೊ ರೈಲ್‌ರೋಡ್ ಮ್ಯೂಸಿಯಮ್ಮಿನಲ್ಲಿವೆ. ಅಲ್ಲಿಯೇ ಸದರ್ನ್‌ನ 20ನೆಯ ನಂಬರಿನ ಉಗಿ ಎಂಜಿನ್ನೂ ಇದೆ. 1899ರಲ್ಲಿ ಬೇರೊಂದು ಗಣಿರೈಲಿಗಾಗಿ ಹುಟ್ಟಿ, ಅದು ಮುಚ್ಚಿದ ಮೇಲೆ 1916ರಲ್ಲಿ ಇಲ್ಲಿಗೆ ಬಂದು, 1952ರಲ್ಲಿ ರೈಲುಪ್ರಿಯರ ಸಂಘವೊಂದು ಕೊಂಡುಕೊಂಡದ್ದರಿಂದ ಗುಜರಿ ತಪ್ಪಿಸಿಕೊಂಡು, ಪೆನ್ಸಿಲ್ವೇನಿಯಾದ ವರ್ಕ್‌ಶಾಪಿನಲ್ಲಿ ವರ್ಷಗಟ್ಟಲೆ ದುರಸ್ತಿಯಾಗಿ, 2020ರಲ್ಲಿ ಅದು ಹಿಂದಿರುಗಿತು. ಲಿಜರ್ಡ್ ಹೆಡ್ ಘಟ್ಟವನ್ನು ಹತ್ತಿಳಿಯುತ್ತಿದ್ದ ಆ ಎಂಜಿನ್ ಈಗ ಉಗಿ ತುಂಬಿಕೊಂಡ ದಿನಗಳಲ್ಲಿ ಮ್ಯೂಸಿಯಮ್ಮಿನ ಆವರಣದ ಹಳಿಯಲ್ಲಿ ಸುತ್ತು ಹಾಕುತ್ತದೆ. ಒಂದು ಸುತ್ತಿಗೆ ಮೈಲಿಯ ಮೂರನೆಯ ಒಂದು ಭಾಗ.